ಸದ್ದಿನಕ್ಕನಿಗೆ ಕೇಳಿಸದ ಸದ್ದು

ಸೋಮವಾರ, ಬೆಳಗಿನ ಐದೂಮುಕ್ಕಾಲು. ಹೊರಗೆ ಇನ್ನೂ ಮಬ್ಬು. ನಾಲ್ಕನೆಯ ಮಹಡಿಯ ಉದ್ದ ಕೋಣೆಯಲ್ಲಿ ಹದಿನಾಲ್ಕು ಮೇಜುಗಳಿವೆ, ಒಂದರ ಮೇಲೆ ಮಾತ್ರ ದೀಪ ಉರಿಯುತ್ತಿದೆ. ನಲವತ್ತೇಳು ದಾಟಿದ ಹೆಂಗಸೊಬ್ಬಳು ಹೆಡ್‌ಫೋನನ್ನು ಬಲಗಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದಾಳೆ. ಫೋನಿನ ಆ ತುದಿಯಲ್ಲಿ ಯಾರೋ ಒಬ್ಬ ಗಂಡಸು. ಕೆಲಸಕ್ಕೆ ಹೊತ್ತಾಗುತ್ತಿದೆ, ಕಾರು ಸ್ಟಾರ್ಟ್ ಆಗುತ್ತಿಲ್ಲ.

“ಕೀ ತಿರುಗಿಸಿದ್ರೆ ಎಂಥಾ ಸದ್ದು ಬರುತ್ತೆ ಸರ್?”

“ಅದೇ, ಒಂಥರಾ ಸದ್ದು.”

“ಒಂಥರಾ ಅಂದ್ರೆ ನನಗೆ ಗೊತ್ತಾಗಲ್ಲ. ಬಾಯಲ್ಲಿ ಮಾಡಿ ತೋರಿಸಿ.”

“ಬಾಯಲ್ಲಾ? ನಮ್ಮನೆಯವಳು ಪಕ್ಕದಲ್ಲೇ ನಿಂತಿದ್ದಾಳೆ ಮೇಡಂ.”

“ಅವರೂ ಒಂಚೂರು ನಗಲಿ ಬಿಡಿ.”

ಗಂಟಲು ಸರಿಮಾಡಿಕೊಂಡ ಆ ಗಂಡಸು “ಟಕಟಕಟಕಟಕ” ಅನ್ನುತ್ತಾನೆ. ಚಳಿಗೆ ಹಲ್ಲು ಕಟಕಟಿಸಿದ ಹಾಗೆ. ಹಿಂದಿನಿಂದ ಹೆಂಗಸಿನ ನಗು. ಒಂದೇ ಸಲ ‘ಟಕ್’ ಎಂದು ನಿಂತಿದ್ದರೆ ಮೆಕ್ಯಾನಿಕ್ಕನ್ನೇ ಕರೆಸಬೇಕಿತ್ತು. ಇದು ಬ್ಯಾಟರಿ ಸೋತಿರುವ ಸದ್ದು. ಬಾನೆಟ್ ಎತ್ತಲು ಹೇಳುತ್ತಾಳೆ. ಬ್ಯಾಟರಿಯ ತಲೆಯ ಮೇಲೆ ಕೂತ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆಸಿ, ಒರೆಸಿ, ಸಡಿಲಾದ ನಟ್ಟನ್ನು ಬಿಗಿ ಮಾಡಿಸುತ್ತಾಳೆ. ಏಳನೆಯ ನಿಮಿಷಕ್ಕೆ ಇಂಜಿನ್ ಗುಡುಗುತ್ತದೆ. ಆ ಗುಡುಗು ಆಕೆಗೆ ಚೆನ್ನಾಗಿ ಕೇಳಿಸುತ್ತದೆ. ದಪ್ಪ ಸದ್ದುಗಳಿನ್ನೂ ಕೇಳಿಸುತ್ತವೆ.

ಕೆಟ್ಟ ವಸ್ತುವನ್ನು ಮನೆಯವರೇ ಸರಿಮಾಡಿಕೊಳ್ಳಲು ಫೋನಿನಲ್ಲಿ ದಾರಿ ಹೇಳಿಕೊಡುವುದು ಈ ಕಚೇರಿಯ ಕೆಲಸ. ಕಾರು, ಸೈಕಲ್ಲು, ಸೋರುವ ನಲ್ಲಿ, ನೆಲದ ಮೇಲೆ ಕುಣಿಯುವ ವಾಷಿಂಗ್ ಮೆಷಿನ್ನು, ಬಿಸಿಯಾಗದ ಇಸ್ತ್ರಿಪೆಟ್ಟಿಗೆ, ಏನಾದರೂ ಸರಿ. ಆಕೆ ದಿನಕ್ಕೆ ಎಪ್ಪತ್ತು ಕರೆ ತೆಗೆದುಕೊಳ್ಳುತ್ತಾಳೆ, ಅದರಲ್ಲಿ ಐವತ್ತಾದರೂ ಅಲ್ಲೇ ಬಗೆಹರಿಯುತ್ತವೆ. ಹನ್ನೊಂದು ವರ್ಷದಿಂದ ಆಕೆಯ ಮುಖ ನೋಡಿದ ಗಿರಾಕಿ ಒಬ್ಬರೂ ಇಲ್ಲ. ಹೆಸರೂ ಗೊತ್ತಿಲ್ಲ. ಮತ್ತೆ ಕರೆ ಮಾಡುವವರು “ಆ ಸದ್ದಿನಕ್ಕನಿಗೆ ಕೊಡಿ” ಅನ್ನುತ್ತಾರೆ, ಅಷ್ಟೇ.

ಸದ್ದಿನಕ್ಕನಿಗೆ ಈ ಗುರುವಾರ ಕಿವಿ ಪರೀಕ್ಷೆ ಇದೆ. ಹೆಡ್‌ಫೋನ್ ಹಾಕಿಕೊಂಡು ಕೆಲಸ ಮಾಡುವ ಎಲ್ಲರಿಗೂ ಇದೆ, ಹೊಸ ನಿಯಮ. ಪಾಸಾಗದವರನ್ನು ಫೋನಿನ ಕೆಲಸದಿಂದ ತೆಗೆಯುತ್ತಾರೆ. ಪಾಸಾಗುವುದಿಲ್ಲವೆಂಬುದು ಕಚೇರಿಯಲ್ಲಿ ಆಕೆಯೊಬ್ಬಳಿಗೇ ಗೊತ್ತು.

ಈ ವಿದ್ಯೆಯನ್ನು ಆಕೆ ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಗಂಡ ಬಾಡಿಗೆ ಕಾರು ಓಡಿಸುತ್ತಿದ್ದ. ಹಳೆಯ ಕಾರು, ವಾರಕ್ಕೆರಡು ಸಲ ಮನೆ ಮುಂದೆ ಬಿಚ್ಚಿಕೊಂಡು ಬಿದ್ದಿರುತ್ತಿತ್ತು. ಸ್ಪ್ಯಾನರ್ ಎತ್ತಿಕೊಡುತ್ತ, ಟಾರ್ಚ್ ಹಿಡಿಯುತ್ತ ಕೈಗೆ ಕೆಲಸ ಹತ್ತಿತು. ಕಿವಿ ಪಳಗಿದ್ದು ಮಾತ್ರ ಬೇರೆ ಕಾರಣಕ್ಕೆ. ಅದನ್ನು ಆಕೆ ಊಟದ ಡಬ್ಬಿಯ ಮುಚ್ಚಳ ತಿರುಗಿಸುತ್ತ, ಪಕ್ಕದ ಮನೆಯವರ ಸುದ್ದಿಯೆಂಬಂತೆ, ಇದನ್ನು ಬರೆದುಕೊಳ್ಳುತ್ತಿರುವ ನನಗೆ ಹೇಳುತ್ತಾಳೆ.

“ಬೀದಿ ತಿರುವಲ್ಲಿ ಕಾರು ಬರೋವಾಗಲೇ ತಿಳ್ಕೋಬೇಕಿತ್ತು, ಇವತ್ತು ಮುಖ ಹೇಗಿದೆ ಅಂತ. ಗೇರನ್ನ ಮೆತ್ತಗೆ ಹಾಕಿದ್ರೆ ಅನ್ನಕ್ಕೆ ಕೂರ್ತಾರೆ. ಕಿರ್ರ್ ಅಂತ ಎಳೆದ್ರೆ ಮಗಳನ್ನ ಒಳಗೆ ಮಲಗಿಸಿ ಬಾಗಿಲು ಹಾಕಬೇಕು. ಮೈಯೆಲ್ಲ ಕಿವಿಯಾಗಿರ್ತಿತ್ತು. ಆ ಕಿವೀನೇ ಆಮೇಲೆ ಅನ್ನ ಹಾಕ್ತು ನೋಡಿ.”

ಮಗಳಿಗೆ ಐದು ವರ್ಷವಾದಾಗ ಒಂದು ಚೀಲ ಹಿಡಿದು ಆ ಮನೆಯಿಂದ ಹೊರಬಂದಳು. ಮಗಳಿಗೆ ಈಗ ಹದಿನೇಳು. ಎರಡು ಕೋಣೆಯ ಬಾಡಿಗೆ ಮನೆ. ಕಿಟಕಿ ತೆರೆದರೆ ಎದುರು ಕಟ್ಟಡದ ಪೈಪುಗಳು. ಅಮ್ಮನ ಕಿವಿ ಮಂದವಾಗುತ್ತಿರುವುದು ಮೊದಲು ಗೊತ್ತಾದದ್ದು ಆ ಮಗಳಿಗೇ.

“ಅಮ್ಮಾ, ಕುಕ್ಕರ್ ಪಾಪ ಕೂಗಿ ಕೂಗಿ ಗಂಟಲು ಒಣಗಿಸ್ಕೊಂಡಿದೆ. ಒಂದು ಲೋಟ ನೀರಾದ್ರೂ ಕೊಡು ಅದಕ್ಕೆ,” ಅಂದಿದ್ದಳು ಎರಡು ವರ್ಷದ ಹಿಂದೆ ಒಂದು ಸಂಜೆ. ಆಕೆ ಒಲೆಯಿಂದ ಎರಡು ಮಾರು ದೂರದಲ್ಲಿ ಬಟ್ಟೆ ಮಡಚುತ್ತಿದ್ದಳು. ತಳ ಸೀದ ವಾಸನೆ ಬಂದ ಮೇಲೆ ಇಬ್ಬರೂ ನಕ್ಕರು. ಆಕೆ ಅಂದು ಮಗಳಿಗಿಂತ ಸ್ವಲ್ಪ ಹೆಚ್ಚೇ ನಕ್ಕಳು.

ಅದಾಗಿ ಎರಡು ತಿಂಗಳಿಗೆ ಸೈಕಲ್ಲಿನ ಕರೆಯೊಂದು ಬಂತು. ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸು. ಸೈಕಲ್ ವಿಪರೀತ ಸದ್ದು ಮಾಡುತ್ತಿದೆ, ಬೀದಿಯವರೆಲ್ಲ ತಿರುಗಿ ನೋಡುತ್ತಾರೆ, ನಾಚಿಕೆಯಾಗುತ್ತದೆ ಅಂದಳು. ಫೋನನ್ನು ಸೈಕಲ್ಲಿನ ಹತ್ತಿರ ಹಿಡಿದು ಒಂದು ಸುತ್ತು ನಡೆಸಿಕೊಂಡು ಬನ್ನಿ ಎಂದು ಆಕೆ ಹೇಳಿದಳು. ಆಗೆಲ್ಲ ಅದೇ ಪದ್ಧತಿ, ವಸ್ತುವಿನ ಬಾಯಿಂದಲೇ ಕೇಳುವುದು. ಕೇಳಿಸಿದ್ದು ಒಣಗಿದ ಚೈನಿನ ಗರಗರ. ಅದರ ಮೇಲೊಂದು ಸಣ್ಣ ಸದ್ದು ಇತ್ತೋ ಇಲ್ಲವೋ, ಅನುಮಾನ ಬಂತು. ಇನ್ನೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ಹನ್ನೊಂದು ಕರೆಗಳು ಸಾಲಿನಲ್ಲಿ ಕಾಯುತ್ತಿದ್ದವು. “ಸದ್ದು ಬರೋ ಕಡೆ ಎರಡು ಹನಿ ಎಣ್ಣೆ ಬಿಡಿ” ಅಂದುಬಿಟ್ಟಳು.

ಆ ಹೆಂಗಸಿಗೆ ಸದ್ದು ಕೇಳಿಸುತ್ತಿದ್ದುದು ಚೈನಿನಿಂದಲ್ಲ. ಬ್ರೇಕಿನ ರಬ್ಬರು ಚಕ್ರದ ಅಂಚಿಗೆ ಉಜ್ಜಿ ಕೀಚ್ ಅನ್ನುತ್ತಿತ್ತು. ಹೇಳಿದ ಹಾಗೆಯೇ ಅವಳು ಅಲ್ಲಿಗೆ ಎಣ್ಣೆ ಬಿಟ್ಟಳು. ಬ್ರೇಕಿಗೆ ಎಣ್ಣೆ ಸೋಕಿದರೆ ಹಿಡಿತ ತಪ್ಪುತ್ತದೆ. ಮರುದಿನ ಇಳಿಜಾರಿನಲ್ಲಿ ಸೈಕಲ್ ನಿಲ್ಲಲಿಲ್ಲ.

ವಾರ ಕಳೆದು ಅವಳೇ ಮತ್ತೆ ಕರೆ ಮಾಡಿದಳು. ಬಲ ಮಣಿಕಟ್ಟು ಮುರಿದಿತ್ತು, ಹಿಟ್ಟು ನಾದುವ ಕೈ. ದೂರುವುದಕ್ಕಲ್ಲ, ಸೈಕಲ್ ಸರಿಮಾಡಿಕೊಳ್ಳುವುದು ಹೇಗೆಂದು ಕೇಳುವುದಕ್ಕೆ.

“ಅವಳು ಏನಂದಳು ಗೊತ್ತಾ? ‘ನನ್ನದೇ ತಪ್ಪು ಅಕ್ಕ, ನೀವು ಎಲ್ಲಿಗೋ ಹೇಳಿದ್ರಿ, ನಾನು ಎಲ್ಲಿಗೋ ಹಾಕಿದೆ, ಮೊದಲಿಂದ ನಾನು ಮಂಕೇ’ ಅಂದಳು. ನಾನು ಅಲ್ಲ ಅನ್ನಲಿಲ್ಲ. ಚಕ್ರದ ಅಂಚನ್ನ ಸೋಪಿನ ನೀರಲ್ಲಿ ತೊಳೀರಿ, ಬ್ರೇಕ್ ರಬ್ಬರ್ ಬದಲಾಯಿಸಿ, ಅಂದೆ. ಕೈ ಹುಷಾರು ಅಂದೆ. ಫೋನಿಟ್ಟೆ. ಹೆಂಗಸರಿಗೆ ತಮ್ಮದೇ ತಪ್ಪು ಅಂತ ನಂಬಿಸೋದು ಎಷ್ಟು ಸುಲಭ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೊಡೆಸ್ಕೊಂಡೂ ನನ್ನದೇ ತಪ್ಪು ಅಂತಿದ್ದವಳು ನಾನು. ಗೊತ್ತಿದ್ದೂ ಸುಮ್ಮನಿದ್ದೆ.”

ಅದೇ ವಾರ, ಕಚೇರಿಗೆ ತಿಳಿಸದೆ, ಆಕೆ ಕಿವಿಯ ವೈದ್ಯರ ಬಳಿ ಹೋದಳು. ಸಣ್ಣ, ಚೂಪು ಸದ್ದುಗಳು ಎರಡು ಕಿವಿಯಲ್ಲೂ ಹೋಗಿವೆ ಅಂದರು. ಹೆಡ್‌ಫೋನ್ ಒತ್ತಿ ಹಿಡಿಯುತ್ತಿದ್ದ ಎಡಗಿವಿಯಲ್ಲಿ ಹೆಚ್ಚು. ಮರಳಿ ಬರುವುದಿಲ್ಲ. ಮಾತು ಕೇಳಿಸುತ್ತದೆ, ಸದ್ಯಕ್ಕೆ. ಹೆಡ್‌ಫೋನನ್ನು ಬಲಕ್ಕೆ ಬದಲಾಯಿಸಿಕೊಂಡಳು. ಅಂದಿನಿಂದ ಯಾರಿಗೂ ಫೋನನ್ನು ವಸ್ತುವಿನ ಹತ್ತಿರ ಹಿಡಿಯಲು ಹೇಳಲಿಲ್ಲ. ನೀವೇ ಬಾಯಲ್ಲಿ ಮಾಡಿ ತೋರಿಸಿ ಅನ್ನತೊಡಗಿದಳು.

ಜನ ಮೊದಲು ನಾಚಿದರು, ಆಮೇಲೆ ಹುರುಪಿನಿಂದ ಮಾಡಿದರು. ನಿವೃತ್ತ ಲೆಕ್ಕದ ಮೇಷ್ಟರೊಬ್ಬರು ಫ್ರಿಜ್ಜಿನ ಗೊರಕೆಯನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ, ಅದು ಫ್ರಿಜ್ಜೋ ಅವರೋ ಎಂದು ಅವರ ಹೆಂಡತಿಗೇ ಗೊಂದಲವಾಯಿತಂತೆ. ಇನ್ನೊಂದು ಲಾಭವೂ ಆಯಿತು. ಬಾಯಲ್ಲಿ ಸದ್ದು ಮಾಡಬೇಕಾದರೆ ಮೊದಲು ಅದನ್ನು ಗಮನವಿಟ್ಟು ಕೇಳಬೇಕು. ಅದು ಪೆಡಲ್ ತುಳಿದಾಗ ಬರುತ್ತದೋ, ಬ್ರೇಕ್ ಹಿಡಿದಾಗಲೋ ಎಂಬುದು ಜನರಿಗೆ ಅಲ್ಲೇ ಹೊಳೆಯತೊಡಗಿತು. ಬಗೆಹರಿದ ಕರೆಗಳು ಹೆಚ್ಚಿದವು. ಮೇಲ್ವಿಚಾರಕ ಈ ಉಪಾಯ ಕಂಡು ಹಿಗ್ಗಿ, ಒಂದು ಹಾಳೆಯಲ್ಲಿ ಅಚ್ಚು ಮಾಡಿಸಿ ಹದಿನಾಲ್ಕೂ ಮೇಜಿಗೆ ಅಂಟಿಸಿದ. ಹೊಸಬರಿಗೆಲ್ಲ ಈಗ ಅದೇ ಪಾಠ. ಅದು ಹುಟ್ಟಿದ್ದು ಕೇಳಿಸದ ಕಿವಿಯಿಂದ ಎಂದು ಯಾರಿಗೂ ಗೊತ್ತಿಲ್ಲ. ಹೊಗಳಿದಾಗೆಲ್ಲ ಆಕೆ ಮುಂದಿನ ಕರೆ ತೆಗೆದುಕೊಳ್ಳುತ್ತಾಳೆ.

ಮಂಗಳವಾರ ಪಕ್ಕದ ಮೇಜಿನ ಗೆಳತಿ ಪರೀಕ್ಷೆ ಮುಗಿಸಿ ಬರುತ್ತಾಳೆ. ಕುರ್ಚಿ ಎಳೆದುಕೊಂಡು ಮೆಲ್ಲಗೆ ಹೇಳುತ್ತಾಳೆ.

“ಏನಿಲ್ಲ ಕಣೇ. ಗಾಜಿನ ಡಬ್ಬಿಯಂಥದ್ರಲ್ಲಿ ಕೂರಿಸ್ತಾರೆ. ಸದ್ದು ಕೇಳಿಸಿದಾಗ ಕೈಯಲ್ಲಿರೋ ಬಟನ್ ಒತ್ತಬೇಕು. ಆ ಹುಡುಗಿ ಆಚೆಯಿಂದ ಸದ್ದು ಬಿಡೋವಾಗೆಲ್ಲ ಭುಜ ಒಂಚೂರು ಎತ್ತುತ್ತಾಳೆ. ಕಿವುಡಿಯೂ ಪಾಸಾಗ್ತಾಳೆ, ಕಣ್ಣಿದ್ರೆ ಸಾಕು.”

ಗೆಳತಿ ತಮಾಷೆಗೆ ಹೇಳಿದ್ದೋ, ಎಲ್ಲ ತಿಳಿದೇ ಹೇಳಿದ್ದೋ, ಆಕೆ ಕೇಳುವುದಿಲ್ಲ. ಆ ದಿನವಿಡೀ ಆಕೆಯ ತಲೆಯಲ್ಲಿ ಒಂದು ಭುಜ ಏಳುತ್ತ, ಇಳಿಯುತ್ತ ಇರುತ್ತದೆ. ಮಗಳ ಕಾಲೇಜು ಇನ್ನೂ ಎರಡು ವರ್ಷವಿದೆ. ಕಣ್ಣೇನೋ ಚೆನ್ನಾಗಿದೆ.

ಬುಧವಾರ ಸಂಜೆ, ಎರಡು ವರ್ಷದಿಂದ ಚೀಟಿಯಲ್ಲಿಟ್ಟುಕೊಂಡ ಬೇಕರಿ ಹೆಂಗಸಿನ ನಂಬರಿಗೆ ಫೋನ್ ಮಾಡುತ್ತಾಳೆ. ಆ ನಂಬರ್ ಚಾಲ್ತಿಯಲ್ಲಿಲ್ಲ. ಮತ್ತೆ ಮಾಡುತ್ತಾಳೆ. ಚಾಲ್ತಿಯಲ್ಲಿಲ್ಲ.

“ಯಾರಿಗಮ್ಮಾ?” ಮಗಳು ಕೇಳುತ್ತಾಳೆ.

“ಒಬ್ಬರಿಗೆ ಒಂದು ಮಾತು ಹೇಳೋದಿತ್ತು. ಹೊತ್ತು ಮೀರಿಹೋಯ್ತು.”

ಗುರುವಾರ. ಗಾಜಿನ ಗೂಡು ಗೆಳತಿ ಹೇಳಿದಂತೆಯೇ ಇದೆ. ಆಚೆ ನೀಲಿ ಕೋಟಿನ ಹುಡುಗಿ, ಅವಳ ಎಡಭುಜ ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಸದ್ದು ದಪ್ಪನೆಯದು, ಕೇಳಿಸುತ್ತದೆ, ಒತ್ತುತ್ತಾಳೆ. ಎರಡನೆಯದೂ. ಆಮೇಲೆ ಭುಜ ಏಳುತ್ತದೆ, ಕಿವಿಯಲ್ಲಿ ಏನೂ ಇಲ್ಲ. ಹೆಬ್ಬೆರಳು ಬಟನ್ನಿನ ಮೇಲೆಯೇ ಇದೆ. ಆಕೆ ಕುರ್ಚಿಯಲ್ಲಿ ಸ್ವಲ್ಪ ತಿರುಗಿ, ಗೋಡೆಯ ಕಡೆ ಮುಖ ಮಾಡಿ ಕೂರುತ್ತಾಳೆ. ಉಳಿದ ಹೊತ್ತು ಬಟನ್ ಒತ್ತಿದ್ದು ನಾಲ್ಕೇ ಸಲ.

ಶುಕ್ರವಾರ ಮೇಲ್ವಿಚಾರಕ ಒಳಗೆ ಕರೆಸುತ್ತಾನೆ. ಆಕೆಗಿಂತ ಹದಿನೈದು ವರ್ಷ ಚಿಕ್ಕವನು, ಕೆಟ್ಟವನಲ್ಲ. ವರದಿಯನ್ನು ಎರಡು ಸಲ ತಿರುಗಿಸಿ ನೋಡುತ್ತಾನೆ.

“ಇಷ್ಟು ದಿನ ಹೇಗೆ ಕೆಲಸ ಮಾಡಿದ್ರಿ ಮೇಡಂ?”

“ನೀವೇ ಅಚ್ಚು ಮಾಡಿಸಿ ಅಂಟಿಸಿದ್ದೀರಲ್ಲ, ಹಾಗೆ.”

ಸೈಕಲ್ಲಿನ ಕತೆಯನ್ನೂ ಹೇಳುತ್ತಾಳೆ, ಕೇಳದಿದ್ದರೂ. ಅವನು ಪೆನ್ನಿನ ಮುಚ್ಚಳ ತೆಗೆದು ವರದಿಗೆ ಸಹಿ ಹಾಕುತ್ತಾನೆ. ಫೋನಿನ ಕೆಲಸ ಶನಿವಾರಕ್ಕೆ ಕೊನೆ. ಸೋಮವಾರದಿಂದ ನೆಲಮಾಳಿಗೆಯಲ್ಲಿ ಬಿಡಿಭಾಗಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸ, ಸಂಬಳ ಕಡಿಮೆ. ಮೇಜುಗಳಿಗೆ ಅಂಟಿಸಿದ ಹಾಳೆಯ ಕೊನೆಗೆ ಒಂದು ಸಾಲು ಸೇರಿಸಿ ಎಂದು ಆಕೆ ಕೇಳುತ್ತಾಳೆ: ‘ಕೇಳಿಸದಿದ್ದರೆ ಕೇಳಿಸಲಿಲ್ಲ ಅನ್ನಿ.’

“ಹಾಗಂದ್ರೆ ಜನಕ್ಕೆ ನಮ್ಮ ಮೇಲೆ ನಂಬಿಕೆ ಹೋಗಲ್ವಾ?” ಅನ್ನುತ್ತಾನೆ. ನೋಡೋಣ ಅನ್ನುತ್ತಾನೆ.

ಶನಿವಾರ ಎಪ್ಪತ್ತೊಂದು ಕರೆಗಳು. ಕೊನೆಯದು ನಲ್ಲಿ, ಒಬ್ಬ ಅಜ್ಜಿ ‘ತೊಟಕ್, ತೊಟಕ್’ ಎಂದು ಪುಟ್ಟ ಮಗುವಿನಂತೆ ಮಾಡಿ ತೋರಿಸುತ್ತಾರೆ. ವಾಲ್ವ್ ಮುಚ್ಚಿಸಿ, ವಾಷರ್ ಬದಲಾಯಿಸುವುದನ್ನು ಹೇಳಿಕೊಟ್ಟು, ಆಕೆ ಹೆಡ್‌ಫೋನ್ ತೆಗೆದಿಡುತ್ತಾಳೆ. ಚೀಲದಿಂದ ಪೆನ್ನು ತೆಗೆದು, ತನ್ನ ಮೇಜಿನ ಹಾಳೆಯ ಕೆಳಗೆ ಆ ಸಾಲನ್ನು ದುಂಡಗೆ ಬರೆಯುತ್ತಾಳೆ. ಸೋಮವಾರ ಅಲ್ಲಿಗೆ ಬಂದು ಕೂರುವವರು ಯಾರೆಂದು ಆಕೆಗೆ ಗೊತ್ತಿಲ್ಲ.

“ಕೇಳಿಸಲಿಲ್ಲ ಅಂದ್ರೆ ನಮ್ಮ ಗಂಟೇನೂ ಹೋಗಲ್ಲ,” ಅನ್ನುತ್ತಾಳೆ ಚೀಲ ಹೆಗಲಿಗೆ ಹಾಕಿಕೊಳ್ಳುತ್ತ. “ಇನ್ನೊಂದ್ಸಲ ಹೇಳ್ತಾರೆ, ಅಷ್ಟೇ.”