ಬಿಳಿ ಕಲ್ಲು, ಕರಿ ಇದ್ದಿಲು

ಸಾಕುವ ಮೀನಿನ ಅಂಗಡಿಯವನ ಮೇಲೆ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ಸಾಮಾನು ಕಟ್ಟಿಕೊಡುವಾಗ ಬಿಸಿಲಿನ ಮಾತಿನಿಂದ ಹಿಡಿದು ತನ್ನ ಮಂಡಿನೋವಿನವರೆಗೆ ಎಲ್ಲ ಹೇಳಿದ. ಹೇಳಬೇಕಾದ ಒಂದೇ ಒಂದು ಮಾತು ಹೇಳಲಿಲ್ಲ. ಇವತ್ತಿಗೂ ಅವನು ಎದುರು ಬಂದರೆ ನಾನು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತೇನೆ. ಈಚೆ ಬದಿಯಲ್ಲೇ ಇದ್ದರೆ ಕೈ ಸುಮ್ಮನಿರುವುದಿಲ್ಲ.

ಗಾಜಣ್ಣ ನಮ್ಮ ಮನೆಯ ಹಿಂದಿನ ಮನೆಯವನು. ಕಿಟಕಿಗೆ ಗಾಜು ಕೂರಿಸುವುದು ಅವನ ಕಸುಬು, ಪಂಪು ರಿಪೇರಿ ನನ್ನದು. ಒಮ್ಮೆ ಸಿಟ್ಟಿನಲ್ಲಿ ಸ್ಪ್ಯಾನರ್ ಎಸೆದು ನನ್ನ ಮನೆಯ ಕಿಟಕಿಯನ್ನು ನಾನೇ ಒಡೆದುಕೊಂಡಾಗ, ಕರೆಯದೆ ಬಂದು ಹೊಸ ಗಾಜು ಕೂರಿಸಿದ. ದುಡ್ಡು ಕೊಡಹೋದರೆ ಕೈ ತಳ್ಳಿದ. ನನ್ನ ಸಿಟ್ಟು ನೋಡಿ ಅವನು ನನ್ನನ್ನು ಕರೆಯುತ್ತಿದ್ದದ್ದೇ ಪಟಾಕಿ ಎಂದು.

"ಇಟ್ಕೋ ಪಟಾಕಿ. ನಂಗೂ ನಿನ್ನ ಕೈ ಬೇಕಾಗೋ ದಿನ ಬರುತ್ತೆ. ಆವಾಗ ತೀರಿಸು."

ಆ ದಿನ ಬಂತು. ಅತ್ತಿಗೆಯ, ಅಂದರೆ ಅವನ ಹೆಂಡತಿಯ ಕಣ್ಣು ಮಸುಕಾಗುತ್ತಿತ್ತು. ಉಳಿದಿರುವ ನೋಟವೂ ಹೋಗುತ್ತದೆ, ಮಾಡುವುದೇನೂ ಇಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ ಅತ್ತಿಗೆ, "ಗೋಡೆ, ಬೀರು ಎಲ್ಲಾ ನಿಂತ ಕಡೆನೇ ನಿಂತಿರುತ್ವೆ. ಏನಾದ್ರೂ ಓಡಾಡೋದು ನೋಡ್ಬೇಕು ಕಣ್ರೀ, ಬಣ್ಣದ್ದು" ಎಂದರಂತೆ.

ಮನೆಯೊಳಗಿನ ಬೆಳಕು ಅವರ ಕಣ್ಣಿಗೆ ಸಾಲದು. ಅದಕ್ಕೇ ಗಾಜಣ್ಣ ಹಿತ್ತಲಿನ ಬಿಸಿಲಿನಲ್ಲಿ, ಮಂಚದಷ್ಟು ಉದ್ದ, ಎದೆಯೆತ್ತರದ ಗಾಜಿನ ತೊಟ್ಟಿ ಕಟ್ಟಿದ. ಪಂಪು, ಪೈಪು ನನ್ನದು. ಒಂದು ಡ್ರಮ್ಮನ್ನೇ ಫಿಲ್ಟರ್ ಮಾಡಿಕೊಟ್ಟೆ. ಕೆಂಪು, ಕಿತ್ತಳೆ ಬಣ್ಣದ ಗೇಣುದ್ದದ ಮೀನು ಬಿಟ್ಟೆವು. ಅತ್ತಿಗೆ ಸ್ಟೂಲು ಹಾಕಿಕೊಂಡು, ಗಾಜಿಗೆ ಮೂಗು ತಾಗಿಸಿ ಕೂತು, "ಬಂದ ನೋಡು ಕೆಂಪಣ್ಣ" ಎನ್ನುವಾಗ ಗಾಜಣ್ಣ ಬೆನ್ನು ತಿರುಗಿಸಿ ಏನೋ ಹುಡುಕುವವನಂತೆ ಬಗ್ಗುತ್ತಿದ್ದ.

ಕಾಂಪೌಂಡಿನಾಚೆಯ ಮರ ತೊಟ್ಟಿಗೆ ಎಲೆ ಉದುರಿಸತೊಡಗಿತು. ಎಷ್ಟು ಹೆಕ್ಕಿದರೂ ನೀರು ಚಹಾದ ಬಣ್ಣಕ್ಕೆ ತಿರುಗಿತು. ಇಬ್ಬರೂ ಅಂಗಡಿಗೆ ಹೋದೆವು. ಅಂಗಡಿಯವನು ಎರಡು ಚೀಲ ಮುಂದಿಟ್ಟ. ಒಂದು ಕರಿ ಇದ್ದಿಲು. ಅಡುಗೆಯದ್ದಲ್ಲ, ನೀರು ಸೋಸುವುದಕ್ಕೆಂದೇ ಹದ ಮಾಡಿದ್ದು. ಅದು ಬಣ್ಣ ಹೀರುತ್ತದೆ. ಇನ್ನೊಂದು ಜಿಯೋಲೈಟ್ ಎನ್ನುವ ಬಿಳಿ ಕಲ್ಲು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ವಿಷವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ನನ್ನ ಡ್ರಮ್ಮಿನಲ್ಲಿ ಇದ್ದದ್ದು ಒಂದಕ್ಕಷ್ಟೇ ಜಾಗ.

"ದೊಡ್ಡ ಮೀನು, ಹೊಲಸೂ ದೊಡ್ಡದೇ. ಬಿಳಿದು ತಗೊಳ್ಳಿ" ಎಂದ ಅಂಗಡಿಯವನು.

"ಅಣ್ಣಾ, ಅತ್ತಿಗೆಗೆ ಕಾಣೋದು ಮುಖ್ಯ. ಕರಿದು ತಗೋ" ಎಂದು ನಾನು ಅಂಗಡಿಯಲ್ಲೇ ಕೂಗಾಡಿದೆ.

"ಸತ್ತ ಮೀನನ್ನ ತಿಳಿನೀರಲ್ಲಿ ತೋರಿಸ್ಲಾ? ಮೊದ್ಲು ಅವು ಬದುಕ್ಲಿ ಕಣೋ. ಬಣ್ಣದ್ದು ಆಮೇಲೆ ನೋಡೋಣ" ಎಂದ ಗಾಜಣ್ಣ.

ಬಿಳಿ ಕಲ್ಲು ಬಂತು. ಮೀನು ಬದುಕಿದವು, ನೀರು ಕಂದಾಗಿಯೇ ಉಳಿಯಿತು. ಅತ್ತಿಗೆ ಸ್ಟೂಲಿನ ಮೇಲೆ ಕೂತು, "ಇವತ್ತು ಹೊಗೆ ಜಾಸ್ತಿ ಅಲ್ವಾ?" ಎನ್ನುತ್ತಿದ್ದರು. ಹೊಗೆ ನೀರಿನದೋ ಕಣ್ಣಿನದೋ ಕೇಳುವ ಧೈರ್ಯ ನಮಗಿರಲಿಲ್ಲ. ಕೊನೆಗೆ ಗಾಜಣ್ಣನೇ ಸೋತು, ಇದ್ದಿಲು ತಂದು ಡ್ರಮ್ಮಿನ ಪಕ್ಕದಲ್ಲಿಟ್ಟ. ತುಂಬಿಸಲು ನಾನು ಬರುವುದೆಂದು ಮಾತಾಗಿತ್ತು.

ಅಷ್ಟರಲ್ಲಿ ಒಂದು ಮೀನಿನ ಬೆನ್ನ ಮೇಲೆ ಹತ್ತಿಯಂಥ ಬೂಷ್ಟು ಕಾಣಿಸಿತು. ಬೂಷ್ಟಿಗೆ ಉಪ್ಪೇ ಮದ್ದು ಎಂದು ಮೀನು ಸಾಕುವವರೆಲ್ಲ ಬಲ್ಲರು. ಗಾಜಣ್ಣ ಬೆಳಗ್ಗೆ ಚೀಲಗಟ್ಟಲೆ ಉಪ್ಪು ಕರಗಿಸಿ ಸುರಿದ.

ಮಧ್ಯಾಹ್ನ ಅವನ ಕೂಗು ಕೇಳಿ ಓಡಿದೆ. ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು, ಕಿವಿರು ಕೆಂಡದಂತಾಗಿತ್ತು. ಅಂಗಡಿಯವನಿಗೆ ಫೋನ್ ಹಚ್ಚಿದೆ.

"ಬಿಳಿ ಕಲ್ಲು ಒಳಗಿರುವಾಗ ಉಪ್ಪು ಹಾಕಿದ್ರಾ?" ಎಂದು ಅವನು ನಿಧಾನವಾಗಿ ಕೇಳಿದ. "ಹಾಕ್ಬಾರ್ದು ಸಾರ್. ಉಪ್ಪು ತಾಗಿದ್ರೆ ಅದು ಹಿಡಿದಿಟ್ಟ ವಿಷಾನೆಲ್ಲ ವಾಪಸ್ ಉಗಿಯುತ್ತೆ."

"ಈಗ ಹೇಳ್ತೀಯೇನೋ? ಆವತ್ತು ನಿನ್ನ ಬಾಯಿಗೇನು ಬೀಗ ಹಾಕಿತ್ತಾ?"

ಬೈಯಲೂ ಹೊತ್ತಿರಲಿಲ್ಲ. ಡ್ರಮ್ಮಿಗೆ ಕೈಹಾಕಿ ಕಲ್ಲನ್ನೆಲ್ಲ ಬಾಚಿ ಅಂಗಳಕ್ಕೆ ಎಸೆದೆ. ತೊಟ್ಟಿಯ ನೀರು ಹೊರಬಿಟ್ಟು, ನೆರೆಯವರ ಮನೆಯಲ್ಲಿ ತುಂಬಿಟ್ಟಿದ್ದ ನೀರನ್ನೆಲ್ಲ ಬೇಡಿ ಹೊತ್ತು ಸುರಿದೆವು. ಗಾಜಣ್ಣ ಒಂದೊಂದೇ ಮೀನನ್ನು ಅಂಗೈಯಲ್ಲಿ ಹಿಡಿದು ಮುಂದೆ ಹಿಂದೆ ಆಡಿಸುತ್ತಾ, "ಉಸಿರಾಡೋ, ಉಸಿರಾಡೋ ಅಪ್ಪಾ" ಎನ್ನುತ್ತಿದ್ದ. ಒಂದೊಂದಾಗಿ ಅವನ ಕೈಯಲ್ಲೇ ಹೊಟ್ಟೆ ಮೇಲಾದವು. ಬಾಗಿಲಲ್ಲಿ ನಿಂತ ಅತ್ತಿಗೆ, "ಏನ್ರೀ ಅದು, ಇಷ್ಟೊಂದು ನೀರಿನ ಸದ್ದು?" ಎಂದರು.

"ತೊಟ್ಟಿ ತೊಳೀತಿದೀವಿ" ಎಂದ.

ಉಳಿದದ್ದು ಕೆಂಪಣ್ಣನೊಬ್ಬ. ಆ ಸಂಜೆ ಡ್ರಮ್ಮಿಗೆ ಕರಿ ಇದ್ದಿಲು ತುಂಬಿಸಿದೆ. ಕೆಲವೇ ದಿನಗಳಲ್ಲಿ ನೀರು ಎಷ್ಟು ತಿಳಿಯಾಯಿತೆಂದರೆ, ಗಾಜಣ್ಣ ತನ್ನ ಜೀವಮಾನದಲ್ಲಿ ಅಂಥ ಗಾಜು ಕೂರಿಸಿರಲಿಲ್ಲ. ಒಳ್ಳೆಯ ಬಿಸಿಲು ನೋಡಿ ಅತ್ತಿಗೆಯನ್ನು ಕೈಹಿಡಿದು ತಂದು ಸ್ಟೂಲಿನ ಮೇಲೆ ಕೂರಿಸಿದ. ಕೆಂಪಣ್ಣ ನೇರ ಅವರ ಮೂಗಿನ ಎದುರಿಗೇ ಬಂದು ನಿಂತು ಬಾಲ ಆಡಿಸಿದ. ಅತ್ತಿಗೆಯ ಕಣ್ಣು ಅವನತ್ತ ಹೊರಳಲಿಲ್ಲ. ಗಾಜಿನ ಮೇಲೆ ಅಂಗೈ ಇಟ್ಟು ಆ ಕಡೆ ಈ ಕಡೆ ಸವರಿದರು.

"ಇನ್ನೂ ನೀರು ತುಂಬ್ಸಿಲ್ವೇನ್ರೀ?"

ಗಾಜಣ್ಣ ನನ್ನ ಮುಖ ನೋಡಿದ. ನಾನು ಪಂಪು ನೋಡಿದೆ.

"ತಾಳು, ತುಂಬಿಸ್ತೀವಿ" ಎಂದ.

ಮಾರನೆಯ ವಾರ ತೊಟ್ಟಿ ಬಿಚ್ಚಿದ. ಕೆಂಪಣ್ಣನನ್ನು ಯಾರಿಗೋ ಕೊಟ್ಟ. ಪೈಪು ಕಳಚಲು ನನ್ನನ್ನು ಕರೆಯಲಿಲ್ಲ, ತಾನೇ ಕಳಚಿ ಒರೆಸಿ ನನ್ನ ಬಾಗಿಲಲ್ಲಿಟ್ಟು ಹೋದ. ಆಮೇಲೆ ಅವನಿಗೆ ನನ್ನ ಕೈ ಬೇಕಾಗಲೇ ಇಲ್ಲ. ಅವನು ಕೂರಿಸಿದ ಗಾಜು ನನ್ನ ಕಿಟಕಿಯಲ್ಲಿ ಹಾಗೇ ಇದೆ. ಎಷ್ಟು ಸಿಟ್ಟು ಬಂದರೂ ಆ ಕಡೆಗೆ ಏನನ್ನೂ ಎಸೆಯುವುದಿಲ್ಲ. ಅದರ ಋಣ ಇನ್ನೂ ತೀರಿಲ್ಲ.