ಹೊಲಿಗೆ ಟೀಚರ ಖಾಲಿ ರಿಜಿಸ್ಟರು

ಹೊಲಿಗೆ ಟೀಚರು ಗ್ರಂಥಾಲಯದ ಸಿಂಹಾಸನ ಏರಿದ್ದು ತಮ್ಮ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಒಂದು ಯುದ್ಧವನ್ನೂ ಗೆಲ್ಲದೆ. ಆ ಪ್ರಾಥಮಿಕ ಶಾಲೆಯಲ್ಲಿ ಹೊಲಿಗೆ ಪಾಠವನ್ನು ತೆಗೆದುಹಾಕಿದ್ದರು; ಹೊಲಿಗೆ ಟೀಚರನ್ನು ತೆಗೆದುಹಾಕಲು ಮರೆತಿದ್ದರು. ಪಾಠವಿಲ್ಲದ ಟೀಚರು ವರಾಂಡದಲ್ಲಿ ಎದುರಾದಾಗಲೆಲ್ಲ ಹೆಡ್ ಮೇಡಂಗೆ ಕಸಿವಿಸಿ. ಒಂದು ಬೆಳಿಗ್ಗೆ ತುಕ್ಕು ಹಿಡಿದ ಬೀಗದ ಕೈ ಮುಂದಿಟ್ಟು, "ಮೂಲೆ ಕೋಣೇಲಿ ಒಂದಿಷ್ಟು ಪುಸ್ತಕ ಇದಾವೆ, ನೋಡ್ಕೊಳ್ಳಿ" ಎಂದರು. ಪಟ್ಟಾಭಿಷೇಕ ಅಷ್ಟಕ್ಕೇ ಮುಗಿಯಿತು.

ರಾಜ್ಯವೆಂದರೆ ಎರಡು ಕಬ್ಬಿಣದ ಬೀರು, ಒಂದು ಕಾಲು ಗಿಡ್ಡವಾದ ಮೇಜು, ಪೂರ್ತಿ ಮುಚ್ಚದ ಕಿಟಕಿ. ಪ್ರಜೆಗಳು ನಾನೂರ ಹನ್ನೆರಡು ಪುಸ್ತಕಗಳು, ಅರ್ಧಕ್ಕರ್ಧ ಬೆನ್ನು ಮುರಿದವು. ಟೀಚರು ದಪ್ಪ ಸೂಜಿಗೆ ಮೇಣ ಸವರಿದ ದಾರ ಪೋಣಿಸಿ, ಗಾಯಾಳುಗಳನ್ನು ಒಂದೊಂದಾಗಿ ಮಡಿಲಿಗೆಳೆದುಕೊಂಡು ಒಂದು ತಿಂಗಳು ಹೊಲಿದರು. ಆಮೇಲೆ ಬಾಗಿಲು ಹಾರುಹೊಡೆದು, ಸೆರಗು ಸರಿಮಾಡಿಕೊಂಡು ಕೂತರು. ಒಂದು ನರಪಿಳ್ಳೆಯೂ ಒಳಗೆ ಬರಲಿಲ್ಲ.

ಕಾರಣ ಮೇಜಿನ ಮೇಲೇ ಇತ್ತು: ಕೆಂಪು ಬಟ್ಟೆಯ ಬೆನ್ನಿನ ಉದ್ದ ರಿಜಿಸ್ಟರು. ಆ ಶಾಲೆಯಲ್ಲಿ ಅಂಥದೇ ಇನ್ನೊಂದಿತ್ತು, ಮಕ್ಕಳು ಅದನ್ನು ತಪ್ಪಿನ ಪುಸ್ತಕ ಎನ್ನುತ್ತಿದ್ದರು. ತಡವಾಗಿ ಬಂದವರು, ಉಗುರು ಬಿಟ್ಟವರು, ಪ್ರಾರ್ಥನೆಯಲ್ಲಿ ಪಿಸುಗುಟ್ಟಿದವರು ಅದರಲ್ಲಿ ಹೆಸರು ಬರೆದು, ಮಧ್ಯಾಹ್ನದ ಬೆಲ್ಲಿನವರೆಗೆ ಹೆಡ್ ಮೇಡಂ ಕೋಣೆಯ ಹೊರಗೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಎರಡೂ ಒಂದೇ ಕಟ್ಟಿನಲ್ಲಿ ಬಂದ ಅವಳಿಜವಳಿ. ಮಕ್ಕಳು ಗ್ರಂಥಾಲಯದ ಹೊಸಿಲವರೆಗೆ ಬರುತ್ತಿದ್ದರು, ಕೆಂಪು ಬೆನ್ನು ಕಾಣುತ್ತಿದ್ದರು, ಕಾಲಿಗೆ ಬುದ್ಧಿ ಹೇಳುತ್ತಿದ್ದರು.

ಆಗ ಟೀಚರು ತಮ್ಮ ಜೀವನದ ಮೊದಲ ಅಪರಾಧ ಎಸಗಿದರು. ರಿಜಿಸ್ಟರನ್ನು ಡ್ರಾಯರಿನ ತಳಕ್ಕೆ ತುರುಕಿ, "ಹೆಸರೂ ಬೇಡ ಗಿಸರೂ ಬೇಡ. ತಗೊಂಡ್ಹೋಗಿ, ಓದಿ, ತಂದ್ಕೊಡಿ" ಎಂದರು. ವಾರ ತಿರುಗುವುದರೊಳಗೆ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಯಾವ ಪುಸ್ತಕ ಯಾರ ಮನೆಯಲ್ಲಿ ಎಂಬುದೆಲ್ಲ ಟೀಚರ ತಲೆಯಲ್ಲೇ. ಯಾವ ಹುಡುಗಿಯ ಸೂಜಿ ಯಾವ ಲಂಗದಲ್ಲಿ ಉಳಿದಿದೆ ಎಂದು ಇಪ್ಪತ್ತೈದು ವರ್ಷ ನೆನಪಿಟ್ಟ ತಲೆ ಅದು. ಮುಂದಿನ ಎರಡು ಹಲ್ಲಿಲ್ಲದ ಒಂದನೆಯ ಕ್ಲಾಸಿನ ಬೊಚ್ಚಿ ದಿನಕ್ಕೊಮ್ಮೆ ಹಾಜರಾಗಿ, ಹಡಗಿನ ಚಿತ್ರದ ಪುಸ್ತಕವನ್ನೋ, ಅಕ್ಕನಿಗೆಂದು ಇನ್ನೊಂದನ್ನೋ ಎದೆಗವುಚಿಕೊಂಡು ಹೋಗುತ್ತಿದ್ದಳು. ಪುಸ್ತಕಗಳು ಎಣ್ಣೆಯ ಕಲೆ, ಕೂಸಿನ ಹಲ್ಲಿನ ಗುರುತು ಹೊತ್ತು ಹಿಂದಿರುಗುತ್ತಿದ್ದವು. ಟೀಚರು ಮತ್ತೆ ಹೊಲಿಯುತ್ತಿದ್ದರು. ಹೀಗೆ ಎರಡು ವರ್ಷ ಕಳೆಯಿತು.

ಅಷ್ಟರಲ್ಲಿ ತನಿಖೆ ಎಂಬ ಸುದ್ದಿ ಬಂತು. "ಒಂದು ಪುಸ್ತಕ ಕಮ್ಮಿ ಆದ್ರೂ ಇಬ್ಬರಿಗೂ ಕುತ್ತು, ಟೀಚರೇ" ಎಂದು ಹೆಡ್ ಮೇಡಂ ನೀರು ಕುಡಿದರು. ಟೀಚರು ಕ್ಲಾಸಿಂದ ಕ್ಲಾಸಿಗೆ ನುಗ್ಗಿ ದಂಡಯಾತ್ರೆ ನಡೆಸಿದರು. ಮೂರನೆಯ ದಿನಕ್ಕೆ ನಾನೂರ ಹನ್ನೆರಡೂ ಬೀರುವಿನಲ್ಲಿ ಸಾಲಾಗಿ ನಿಂತವು. ಅಂದು ಟೀಚರು ಇಡೀ ದೇಶ ಗೆದ್ದವರ ಹಾಗೆ ಮನೆಗೆ ನಡೆದರು.

ತನಿಖಾಧಿಕಾರಿ ಬೀರು ತೆಗೆದರು, ಎಣಿಸಿದರು. ರಿಜಿಸ್ಟರು ತೆಗೆದರು, ಎಣಿಸಲು ಏನೂ ಸಿಗಲಿಲ್ಲ.

"ಎರಡು ವರ್ಷ ಒಂದು ಪುಸ್ತಕಾನೂ ಯಾರೂ ಒಯ್ದಿಲ್ವಾ?"

"ಎಲ್ಲಾ ಒಯ್ದಿದಾರೆ ಸರ್. ಕಲೆ ನೋಡಿ. ಇಲ್ನೋಡಿ, ಕೂಸು ಕಚ್ಚಿದೆ."

"ಅಂದ್ರೆ ಸರ್ಕಾರಿ ಪುಸ್ತಕ ಹಾಳು ಮಾಡ್ಸಿದೀರಿ."

"ಇಲ್ಲ ಸರ್, ಓದಿಸಿದೀನಿ. ಬೇಕಾದ್ರೆ ಮಕ್ಕಳನ್ನ ಕೇಳಿ."

ಇದು ಎರಡನೆಯ ಅಪರಾಧ. ಅಧಿಕಾರಿ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡೇ ಮೂರನೆಯ ಕ್ಲಾಸಿಗೆ ಹೋಗಿ, "ಲೈಬ್ರರಿ ಪುಸ್ತಕ ತಗೊಂಡೋರು ಯಾರು?" ಎಂದು ಕೇಳಿದರು. ಕ್ಲಾಸಿಗೆ ಕ್ಲಾಸೇ ಕೆಂಪು ಬೆನ್ನನ್ನು ನೋಡಿತು.

"ನಾನಲ್ಲ ಸರ್."

"ನಾನು ಮುಟ್ಟೇ ಇಲ್ಲ ಸರ್" ಎಂದಳು ಬೊಚ್ಚಿ. ಟೀಚರನ್ನು ಕಾಪಾಡಲೆಂದು ಇನ್ನೂ ಒಂದು ಮಾತು ಸೇರಿಸಿದಳು: "ಟೀಚರು ಯಾರಿಗೂ ಕೊಡಲ್ಲ."

ಅಧಿಕಾರಿಯ ತೀರ್ಪು ಚುಟುಕಾಗಿತ್ತು. ಒಂದು ತಿಂಗಳು ಗಡುವು. ಇದೇ ರಿಜಿಸ್ಟರಿನಲ್ಲಿ ಮಕ್ಕಳು ತಾವೇ ಬರೆದ ನೂರು ಹೆಸರಾದರೂ ಕಾಣಬೇಕು. ಇಲ್ಲವಾದರೆ ಬೀರುಗಳಿಗೆ ಬೀಗ ಹಾಕಿ, ಕೋಣೆಯನ್ನು ಮುರಿದ ಬೆಂಚು ಒಟ್ಟಲು ಬಳಸುವುದು.

ಟೀಚರ ಗಂಡ ಬಸ್ ಕಂಡಕ್ಟರು. ಕಥೆಯೆಲ್ಲ ಕೇಳಿ ಲೋಟ ಕೆಳಗಿಟ್ಟರು. "ಟಿಕೆಟ್ ಹರೀದೆ ಜನ ಹತ್ತಿಸ್ಕೊಂಡಿದೀಯ ಕಣೇ. ಬಸ್ಸಲ್ಲಿ ನಿಲ್ಲೋಕೆ ಜಾಗ ಇಲ್ಲ, ಡಿಪೋ ಲೆಕ್ಕದಲ್ಲಿ ಬಸ್ಸು ಖಾಲಿ."

"ತಮಾಷೆ ಬೇಡ ರೀ. ಬೆಂಚು ತುಂಬ್ತಾರಂತೆ."

"ನೂರು ಹೆಸರು ತಾನೇ? ನೀನೇ ಗೀಚಿಬಿಡು."

"ಮಕ್ಕಳ ಹೆಸರಲ್ಲಿ ಸುಳ್ಳು ಬರೆಯೋಕೆ ನನ್ನ ಕೈ ಬರಲ್ಲ."

ಗಂಡ ಕೆಳಗಿಟ್ಟ ಲೋಟವನ್ನೇ ಮತ್ತೆ ಎತ್ತಿಕೊಂಡರು. ಅವರ ತಮಾಷೆ ಮುಗಿದುಹೋದದ್ದನ್ನು ಟೀಚರು ಮದುವೆಯಾದಂದಿನಿಂದ ಎರಡನೆಯ ಬಾರಿ ನೋಡುತ್ತಿದ್ದರು.

ರಿಜಿಸ್ಟರು ಮೇಜಿಗೆ ಮರಳಿತು. ಕೋಣೆ ಖಾಲಿಯಾಯಿತು. ಮೊದಲು ಹೆಸರಿರಲಿಲ್ಲ, ಈಗ ಮಕ್ಕಳೂ ಇಲ್ಲ. ಟೀಚರು ಅದಕ್ಕೆ ಹೂವಿನ ಚಿತ್ರದ ಕಾಗದ ಸುತ್ತಿದರು. "ತಪ್ಪಿನ ಪುಸ್ತಕಕ್ಕೆ ಹೊಸ ಬಟ್ಟೆ ಹೊಲಿಸಿದಾರೆ" ಎಂದು ನಾಲ್ಕನೆಯ ಕ್ಲಾಸು ಘೋಷಿಸಿತು. ಟೀಚರು ಪ್ರಾರ್ಥನೆಯ ಹೊತ್ತಲ್ಲಿ ನಿಂತು, ಇದು ತಪ್ಪಿನದಲ್ಲ, ಓದಿನದು ಎಂದು ಭಾಷಣ ಮಾಡಿದರು. ಮಕ್ಕಳು ಚಪ್ಪಾಳೆ ತಟ್ಟಿ ಬೇರೆ ದಾರಿಯಲ್ಲಿ ಆಟದ ಬಯಲಿಗೆ ಹೋದರು. ಹತ್ತು ದಿನ ಹೋಯಿತು, ಇಪ್ಪತ್ತು ದಿನ ಹೋಯಿತು. ಮುರಿದ ಬೆಂಚುಗಳು ಒಂದೊಂದೇ ವರಾಂಡಕ್ಕೆ ಬಂದು, ಹೆಣ ಎತ್ತುವುದನ್ನೇ ಕಾಯುವ ನೆಂಟರ ಹಾಗೆ ಸಾಲು ಹಿಡಿದವು. ಟೀಚರಿಗೆ ಊಟ ಸೇರದಾಯಿತು. ಕಿಟಕಿಯಾಚೆ ಚಪ್ಪಲಿಯ ಸದ್ದಾದರೆ ಎದ್ದು ನಿಲ್ಲುತ್ತಿದ್ದರು, ಸದ್ದು ದಾಟಿಹೋದರೆ ಕೂರುತ್ತಿದ್ದರು.

ಗಡುವಿನ ಹಿಂದಿನ ಮಧ್ಯಾಹ್ನ ಅವರ ಕೈ ಬಂತು. ಸುಳ್ಳೇನಲ್ಲ, ತಡವಾಗಿ ಬರೆಯುವ ನಿಜ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ತಲೆಯಲ್ಲಿದ್ದುದನ್ನು ಕಾಗದಕ್ಕಿಳಿಸತೊಡಗಿದರು. ಬರೆಯುವಾಗ ಗಟ್ಟಿಯಾಗಿ ಓದಿಕೊಳ್ಳುವುದು ಅವರ ಹಳೆಯ ಚಾಳಿ. ಐದನೆಯ ಹೆಸರಿಗೆ ಕಿಟಕಿಯಲ್ಲಿ ಎರಡು ತಲೆ, ಹತ್ತನೆಯದಕ್ಕೆ ಏಳು.

"ಟೀಚರ್, ನನ್ ಹೆಸ್ರು ಯಾಕೆ ಬರೀತಿದೀರಾ? ನಾನೇನ್ ಮಾಡ್ದೆ?" ಬೊಚ್ಚಿಯ ದನಿ ಅಳುವ ಅಂಚಿನಲ್ಲಿತ್ತು.

"ಆಮೆ ಪುಸ್ತಕ ಓದಿದ್ದು ನೀನೇ ತಾನೇ?"

ಅಳು ಥಟ್ಟನೆ ನಿಂತಿತು. "ಆಮೆದು ನಮ್ಮಕ್ಕ. ನಂದು ಹಡಗಿಂದು. ನಾಲ್ಕು ಸಲ."

"ಸುಳ್ಳು ಟೀಚರ್, ಮೂರೇ. ಒಂದ್ಸಲ ನಾನು ಕಿತ್ಕೊಂಡಿದ್ದೆ" ಎಂದು ಪಕ್ಕದ ತಲೆ ಬಾಯಿ ಹಾಕಿತು.

"ನೀನು ಓದ್ಲಿಲ್ಲ, ಬರೀ ಚಿತ್ರ ನೋಡ್ದೆ."

"ಓದಿದೀನಿ ಕಣೇ. ಕೊಡಿ ಟೀಚರ್ ಪೆನ್ನು, ನಾನೇ ಬರೀತೀನಿ."

ತಪ್ಪು ಹೊರಿಸಿದರೆ ಓಡುವ ಮಕ್ಕಳು, ತಮ್ಮ ಓದನ್ನು ಇನ್ನೊಬ್ಬರ ಲೆಕ್ಕಕ್ಕೆ ಹಾಕಿದ್ದನ್ನು ಸಹಿಸಲಿಲ್ಲ. ನುಗ್ಗಿ ಬಂದರು. ಟೀಚರು ಬರೆದದ್ದನ್ನು ಹೊಡೆದು ಹಾಕಿದರು, ಮೇಲೆ ಬರೆದರು, ಅಂಚಿನಲ್ಲಿ ಜಗಳವಾಡಿದರು. ಶಾಲೆ ಬಿಡುವ ಹೊತ್ತಿಗೆ ನೂರ ಮೂವತ್ತೇಳು ಹೆಸರು.

ಮರುದಿನ ಅಧಿಕಾರಿ ಹಾಳೆ ತಿರುವಿದರು. "ಎಲ್ಲಾ ಒಂದೇ ತಾರೀಕು. ಇದನ್ನ ನಾನು ಒಪ್ಪಲ್ಲ." ಆದರೂ ಬೊಚ್ಚಿಯನ್ನು ಕರೆಸಿದರು. "ಇದು ನಿನ್ನ ಹೆಸರಾ? ಓದಿದ್ದು ನಿಜಾನಾ?"

ಬೊಚ್ಚಿ ಹೂವಿನ ಕಾಗದದ ಸಂದಿಯಲ್ಲಿ ಇಣುಕುವ ಕೆಂಪು ಬೆನ್ನನ್ನು ನೋಡಿದಳು, ಟೀಚರ ಮುಖ ನೋಡಿದಳು. "ನಿಜ ಸರ್."

ಇಷ್ಟು ಹೇಳಿ, ಯಾರೂ ಹೇಳದಿದ್ದರೂ, ಹೊರಗೆ ಹೋಗಿ ಹೆಡ್ ಮೇಡಂ ಕೋಣೆಯ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಅಧಿಕಾರಿ ಮುಂದಿನವಳನ್ನು ಕರೆದರು. ಅವಳೂ ಒಪ್ಪಿಕೊಂಡಳು, ಹೋಗಿ ನಿಂತಳು. ಅಧಿಕಾರಿ ಹೊರಗೆ ಬರುವ ಹೊತ್ತಿಗೆ ಗೋಡೆಯುದ್ದಕ್ಕೂ ಇಪ್ಪತ್ತಮೂರು ಮಕ್ಕಳು.

"ಇದೇನ್ರೀ ಸಾಲು?"

"ಓದಿದ್ದಕ್ಕೆ ನಿಂತಿದಾರೆ ಸರ್" ಎಂದರು ಟೀಚರು.

ಅಧಿಕಾರಿ ಸಾಲನ್ನು ಈ ತುದಿಯಿಂದ ಆ ತುದಿಗೆ ಎಣಿಸಿದರು. ನೂರ ಮೂವತ್ತೇಳನ್ನೂ ಒಂದೇ ಗೀಟಿನಲ್ಲಿ ಹೊಡೆದುಹಾಕಿ, ಕೆಳಗೆ "ಇನ್ನು ಮೂರು ತಿಂಗಳು, ತಾರೀಕು ಸಮೇತ" ಎಂದು ಬರೆದು ಸಹಿ ಮಾಡಿ ಹೋದರು.

ಟೀಚರು ಮಕ್ಕಳನ್ನು ಕ್ಲಾಸಿಗೆ ಹೋಗಿ ಎಂದರು. ಒಬ್ಬರೂ ಕದಲಲಿಲ್ಲ. ಅವರು ಬಾಗಿಲು ತಟ್ಟದೆ ಹೆಡ್ ಮೇಡಂ ಕೋಣೆಗೆ ಹೋದರು.

"ಮೇಡಂ, ಆ ತಪ್ಪಿನ ಪುಸ್ತಕ ನನಗೆ ಕೊಟ್ಟುಬಿಡಿ."

"ಯಾಕ್ರೀ?"

"ಅದು ಇರೋ ತನಕ ಇದು ತುಂಬಲ್ಲ."

"ಅದಿಲ್ದೆ ಸ್ಕೂಲು ಹೇಗ್ರೀ ನಡೆಸ್ಲಿ ನಾನು?"

ಟೀಚರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಹೆಡ್ ಮೇಡಂ ಒಮ್ಮೆ ಬಾಗಿಲಾಚೆಯ ಸಾಲನ್ನು, ಒಮ್ಮೆ ಆ ಕೈಯನ್ನು ನೋಡುತ್ತ, ತಪ್ಪಿನ ಪುಸ್ತಕವಿದ್ದ ಡ್ರಾಯರಿನ ಹಿಡಿಯ ಮೇಲೆ ಬೆರಳಿಟ್ಟುಕೊಂಡು ಕೂತರು.