ಮಾಲೆಯಿಂದ ಗಾನ್‌ಗೆ ಒಂದೂಕಾಲು ತಾಸು

ಅಥಣಿ ತಾಲ್ಲೂಕಿನ ಅನಂತಪುರದ ದ್ರಾಕ್ಷಿ ಪ್ಯಾಕಿಂಗ್ ಶೆಡ್ಡಿನಲ್ಲಿ ಬಾಳೇಶ ‘ಎಕ್ಸ್‌ಪೋರ್ಟ್ ಎಕ್ಸಿಕ್ಯೂಟಿವ್’. ಅಂದರೆ, ಡಬ್ಬಿಗಳ ಮೇಲೆ ಚೀಟಿ ಅಂಟಿಸುವವನು. ವಿದೇಶ ವ್ಯಾಪಾರದ ಈ ಅಧಿಕಾರಿ ಇಪ್ಪತ್ತಾರು ವರ್ಷಗಳಲ್ಲಿ ಮುಟ್ಟಿದ ಅತಿ ದೂರದ ಊರು ಮಿರಜ್. ಅದೂ ಹಲ್ಲು ಕೀಳಿಸಲು.

ಆದರೂ ಈ ಸಲದ ಆರ್ಡರು ತಂದವನು ಅವನೇ. ಮಾಲ್ದೀವ್ಸಿನ ದಕ್ಷಿಣ ತುದಿಯ ಗಾನ್ ದ್ವೀಪದ ಹೋಟೆಲಿಗೆ, ರಾಜಧಾನಿ ಮಾಲೆಯ ಮೂಲಕ, ಐವತ್ತು ಡಬ್ಬಿ.

“ಇದು ಛಲೋ ಮುಟ್ಟಿತಂದ್ರ ದ್ವೀಪದ ಕೆಲಸಾ ಪೂರಾ ನಿಂದು. ಇಲ್ಲಂದ್ರ ಚೀಟಿ ಹಚ್ಕೋತ ಇರು,” ಎಂದಿದ್ದರು ಮಾಲೀಕ ರಾವಸಾಹೇಬರು.

ಬೇಕಾದ ಹಣ್ಣು ಲಗಮಣ್ಣನ ತೋಟದಲ್ಲಿತ್ತು. ಅವನು ಕೇಳಿದ್ದು ಒಂದೇ ಮಾತು: “ಮಾಲೆ ತನಕಾ ಥಂಡಿಯೊಳಗ ಹೋಗ್ತಾವ, ಖರೆ. ಅಲ್ಲಿಂದ ಗಾನ್ ಎಷ್ಟ ದೂರ?”

“ಐದನೂರಾ ನಲವತ್ತ ಕಿಲೋಮೀಟರ್ ರೀ, ಕಾಕಾ.”

“ಎಷ್ಟ ತಾಸು?”

ಈ ಸೀಮೆಯಲ್ಲಿ ದೂರವೆಂದರೆ ಬಸ್ಸಿನ ತಾಸು. ಬಾಳೇಶನ ಬಾಯಿ ರೂಢಿಯಂತೆ ಲೆಕ್ಕ ಹಾಕಿ ಹೇಳಿಯೇಬಿಟ್ಟಿತು: “ಹದಿನಾಕ ಹಿಡೀರಿ.”

“ಹದಿನಾಕ ತಾಸ ಹೊರಗ ಇಟ್ರ ಒಣಗಿ ಮನುಕಾ ಆಗ್ತಾವಲೇ! ನನ್ನ ಮಾಲ ಕೊಡಂಗಿಲ್ಲ.”

ನಡುವೆ ಸಮುದ್ರವಿದೆ, ಅಲ್ಲಿ ಬಸ್ಸು ಓಡುವುದಿಲ್ಲ ಎಂಬುದು ಅಧಿಕಾರಿಗಳಿಗೆ ಹೊಳೆದದ್ದು ಮನೆಯಲ್ಲಿ ಊಟಕ್ಕೆ ಕೂತಾಗ. ಮರುದಿನ ಬೆಳಿಗ್ಗೆಯೇ ಬಾಳೇಶ ತೋಟಕ್ಕೆ ಓಡಿದ.

“ಕಾಕಾ, ವಿಮಾನ ಒಂದೂಕಾಲ ತಾಸ ರೀ!”

“ನಿನ್ನೆ ಹದಿನಾಕ, ಇವತ್ತ ಒಂದೂಕಾಲ. ನಾಳೆ ಬಂದ್ರ ಆಗಲೇ ಮುಟ್ಟ್ಯಾವ ಅಂತಿ.” ಲಗಮಣ್ಣನ ಹೆಂಡತಿ ಕಸ್ತೂರೆವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

ಬಾಳೇಶ ಬಿಡಲಿಲ್ಲ. ಅಲ್ಲೇ ನಿಂತು ಸರಕು ಸಾಗಿಸುವ ಏಜೆಂಟನಿಗೆ ಫೋನು ಹಚ್ಚಿದ. ಮಾಲೆಯಲ್ಲಿ ವಿಮಾನ ಬದಲಿಸಲು ಡಬ್ಬಿಗಳು ಮೂರು ತಾಸು ಹೊರಗೆ ಕಾಯಬೇಕಂತೆ. ಒಟ್ಟು ನಾಲ್ಕೂಕಾಲು.

“ನಿಮ್ಮ ತೋಟದ್ದ ಒಂದ ಸ್ಯಾಂಪಲ್ ಡಬ್ಬಿ ನಮ್ಮ ಥಂಡಿ ಖೋಲಿಯಾಗ ಐತಿ. ನಾಕೂಕಾಲ ತಾಸ ಹೊರಗ ಅಡ್ಡಾಡಸ್ತೀನಿ. ನೀವೂ ಬರ್ರಿ. ಬಿಚ್ಚಿ ನೋಡೋರು ನೀವ,” ಎಂದ ಲಗಮಣ್ಣನಿಗೆ.

ಇಬ್ಬರೂ ಅಥಣಿಯಲ್ಲಿ ನಿಪ್ಪಾಣಿ ಬಸ್ಸು ಹತ್ತಿದರು. ಡಬ್ಬಿ ಬಾಳೇಶನ ತೊಡೆಯ ಮೇಲೆ.

“ಏನ್ರಿ ಅದು, ಕೂಸಿನ ಹಿಡದಂಗ ಹಿಡದೀರಿ?” ಎಂದ ಕಂಡಕ್ಟರ್.

“ಅದು ವಿಮಾನದಾಗ ಹೊಂಟೈತಿ,” ಎಂದ ಲಗಮಣ್ಣ.

“ಹಂಗಾರ ಬೆಲ್ಟ್ ಹಾಕ್ರಿ!”

ಬಸ್ಸೆಲ್ಲ ನಕ್ಕಿತು. ಚಿಕ್ಕೋಡಿ ದಾಟುವಷ್ಟರಲ್ಲಿ ಬಾಳೇಶನ ಕಾಲು ಜೋಮು ಹಿಡಿದವು, ಡಬ್ಬಿ ಕೆಳಗಿಡಲಿಲ್ಲ. ಡಬ್ಬಿ ಹೊರಗೆ ತೆಗೆದ ಮೂರು ತಾಸಿಗೆ ನಿಪ್ಪಾಣಿ ಬಂತು. ಉಳಿದ ಒಂದೂಕಾಲು ತಾಸಿನ ವಿಮಾನ ಪ್ರಯಾಣವನ್ನು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ, ನೊಣ ಹೊಡೆಯುತ್ತ ಮುಗಿಸಿದರು.

ಲಗಮಣ್ಣ ಡಬ್ಬಿ ಬಿಚ್ಚಿದ. ತೊಟ್ಟುಗಳು ಹಸಿರಾಗೇ ಇದ್ದವು. ಬಾಳೇಶ ತಾನಾಗಿಯೇ ಬೆರಳಿಟ್ಟು ತೋರಿಸಿದ: “ಇವೆರಡ ಗೊಂಚಲ ಬಾಡ್ಯಾವ್ರಿ.”

“ಬಿಸಲೇರಿದ ಮ್ಯಾಲ ಕೊಯ್ದದ್ದವು. ತಪ್ಪು ನಂದು.” ಲಗಮಣ್ಣ ಒಂದು ಹಣ್ಣು ಬಾಯಿಗೆ ಹಾಕಿಕೊಂಡ. “ಮೊದಲ ಇಪ್ಪತ್ತೈದ ಡಬ್ಬಿ ಒಯ್ಯಿ.”

“ಐವತ್ತ ಬೇಕ್ರಿ, ಕಾಕಾ.”

“ಇಪ್ಪತ್ತೈದ.”

“ಐವತ್ತ ರೀ. ಮಾಲೆ ತನಕಾ ಹೋಗೋದು ಐವತ್ತ, ಗಾನ್‌ದಾಗ ಇಳಿಯೋದೂ ಐವತ್ತ.”

ಲಗಮಣ್ಣ ಅವನನ್ನೇ ನೋಡಿದ. ಆಮೇಲೆ ಕಸ್ತೂರೆವ್ವನಿಗೆ ಫೋನು ಹಚ್ಚಿದ: “ನಾಳೆ ಕೂಲಿ ಹೆಣ್ಮಕ್ಕಳನ ಆರಕ್ಕ ಕರಿ. ಎಂಟರೊಳಗ ಐವತ್ತ ಡಬ್ಬಿ ಕೊಯ್ದ ಮುಗಸಬೇಕು.”